ಕರುಳಿನ ಬಯಾಪ್ಸಿ ವರದಿ ಎಲ್ಲಿ ತಪ್ಪುತ್ತದೆ: ಉರಿಯೂತದ ಕಾಯಿಲೆಗಳ ಪತ್ತೆಗೆ ಒಂದು ದೋಷ ನಿವಾರಣೆ ಕೈಪಿಡಿ

ದೊಡ್ಡ ಕರುಳಿನ ಬಯಾಪ್ಸಿಗೆ ಬರುವ ವರದಿಗಳಲ್ಲಿ ಪದೇ ಪದೇ ಕಾಣುವ, ಆದರೆ ಯಾರ ಉಪಯೋಗಕ್ಕೂ ಬಾರದ ಒಂದು ಸಾಲಿದೆ: ‘ನಾನ್‌ಸ್ಪೆಸಿಫಿಕ್ ಕೊಲೈಟಿಸ್’, ಅಂದರೆ ಇಂಥದ್ದೇ ಕಾರಣವೆಂದು ಹೇಳಲಾಗದ ದೊಡ್ಡ ಕರುಳಿನ ಉರಿಯೂತ. ತಿಂಗಳುಗಟ್ಟಲೆ ರಕ್ತಭೇದಿಯಿಂದ ಬಳಲಿ, ಕೊಲೊನೋಸ್ಕೋಪಿಯ ಕಷ್ಟವನ್ನೂ ಖರ್ಚನ್ನೂ ಸಹಿಸಿ, ವಾರವಿಡೀ ವರದಿಗೆ ಕಾದ ರೋಗಿಗೆ ಆ ಸಾಲು ಏನನ್ನೂ ತಿಳಿಸುವುದಿಲ್ಲ. ಔಷಧ ಬರೆಯಬೇಕಾದ ವೈದ್ಯರಿಗೂ ಅದರಿಂದ ದಾರಿ ಸಿಗುವುದಿಲ್ಲ. ಇದಕ್ಕೆ ನೇರ ಎದುರಿನ ದೋಷವೂ ಉಂಟು. ಸಾಕಷ್ಟು ಆಧಾರವಿಲ್ಲದೆ ‘ಅಲ್ಸರೇಟಿವ್ ಕೊಲೈಟಿಸ್’ ಎಂದೋ ‘ಕ್ರೋನ್ಸ್ ಕಾಯಿಲೆ’ ಎಂದೋ ಬರೆದುಬಿಡುವುದು. ಮೊದಲನೆಯ ತಪ್ಪು ರೋಗಿಯನ್ನು ಕಾಯಿಸುತ್ತದೆ. ಎರಡನೆಯದು ಅಮೀಬಾ ಅಥವಾ ಕ್ಷಯ ಕೂತಿರುವ ಕರುಳಿಗೆ ಸ್ಟೀರಾಯ್ಡ್ ಕೊಡಿಸಿ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಈ ಎರಡೂ ದೋಷಗಳ ಮೂಲವನ್ನು ಹಂತಹಂತವಾಗಿ ಹುಡುಕುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ರೋಗಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು, ಸಣ್ಣ ಊರುಗಳ ಪ್ರಯೋಗಾಲಯಗಳಲ್ಲಿ ಒಬ್ಬರೇ ಕುಳಿತು ಸ್ಲೈಡ್ ನೋಡುವ ವೈದ್ಯರು, ಬ್ಲಾಕ್ ಕತ್ತರಿಸುವ ತಂತ್ರಜ್ಞರು ಮತ್ತು ಅಂಗಾಂಶ ಕಳುಹಿಸುವ ಎಂಡೋಸ್ಕೋಪಿ ವೈದ್ಯರು ನನ್ನ ಮನಸ್ಸಿನಲ್ಲಿದ್ದಾರೆ. ನಾನು ಕಂಡಂತೆ ತಪ್ಪುಗಳಲ್ಲಿ ಬಹುಪಾಲು ಸ್ಲೈಡು ಸೂಕ್ಷ್ಮದರ್ಶಕಕ್ಕೆ ಏರುವ ಮೊದಲೇ ಆಗಿಹೋಗಿರುತ್ತವೆ. ಆದ್ದರಿಂದ ಹುಡುಕಾಟವನ್ನೂ ಅಲ್ಲಿಂದಲೇ ಶುರುಮಾಡಬೇಕು.

ಸ್ಲೈಡ್ ನೋಡುವ ಮೊದಲು

ವರದಿ ಬರೆಯಲಾಗದೆ ಕೈ ತಡೆದಾಗ ಮೊದಲು ಓದಬೇಕಾದದ್ದು ಅಂಗಾಂಶದ ಜೊತೆ ಬಂದ ಫಾರಂ. ಅದರಲ್ಲಿ ‘ಕೋಲನ್ ಬಯಾಪ್ಸಿ, ಕೊಲೈಟಿಸ್ ಇರಬಹುದೇ?’ ಎಂದಷ್ಟೇ ಇದ್ದರೆ ಸ್ಲೈಡನ್ನು ಬದಿಗಿಟ್ಟು ಫೋನ್ ಎತ್ತಿಕೊಳ್ಳುವುದು ಸರಿ. ಬೇಧಿ ಎಷ್ಟು ದಿನದಿಂದ ಇದೆ, ರಕ್ತ ಹೋಗುತ್ತಿದೆಯೇ, ಜ್ವರ ಮತ್ತು ತೂಕ ಇಳಿಕೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ನೋವಿನ ಮಾತ್ರೆ ಅಥವಾ ಆ್ಯಂಟಿಬಯಾಟಿಕ್ ಬಳಕೆಯಲ್ಲಿದೆಯೇ, ಚಿಕಿತ್ಸೆ ಆಗಲೇ ಆರಂಭವಾಗಿದೆಯೇ, ಎಂಡೋಸ್ಕೋಪಿಯಲ್ಲಿ ಹುಣ್ಣುಗಳು ಎಲ್ಲೆಲ್ಲಿ ಹೇಗೆ ಕಂಡವು ಎಂಬ ಮಾಹಿತಿ ಕೈಯಲ್ಲಿರಬೇಕು. ಅದಿಲ್ಲದೆ ಅತ್ಯುತ್ತಮ ಕಣ್ಣಿಗೂ ಸ್ಲೈಡು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಇವುಗಳಲ್ಲಿ ಅತ್ಯಂತ ಬೆಲೆಯುಳ್ಳ ಉತ್ತರ ಬೇಧಿಯ ಅವಧಿಯದು. ಅದು ಏಕೆಂಬುದು ಮುಂದೆ ತಿಳಿಯುತ್ತದೆ.

ಎರಡನೆಯದು, ಅಂಗಾಂಶ ಎಲ್ಲಿಂದ ಬಂದಿದೆ ಎಂಬುದು. ಉರಿಯೂತದ ಕರುಳು ಕಾಯಿಲೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಎರಡನ್ನೂ ಒಳಗೊಂಡ ಐಬಿಡಿ, ಇದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಸಣ್ಣ ಕರುಳಿನ ಕೊನೆಯ ಭಾಗ ಮತ್ತು ಗುದನಾಳವೂ ಸೇರಿದಂತೆ ಕನಿಷ್ಠ 5 ಜಾಗಗಳಿಂದ, ಪ್ರತಿ ಜಾಗದಿಂದಲೂ ಕನಿಷ್ಠ 2 ತುಣುಕುಗಳನ್ನು ತೆಗೆಯಬೇಕೆಂಬುದು ಯುರೋಪಿನ ತಜ್ಞರ ಮಾರ್ಗಸೂಚಿ. ನಮ್ಮಲ್ಲಿಯೂ ಅದೇ ಪಾಠ. ಕೆಂಪಾಗಿರುವ ಜಾಗದಿಂದಷ್ಟೇ ಅಲ್ಲದೆ ಕಣ್ಣಿಗೆ ಸಹಜವಾಗಿ ಕಾಣುವ ಜಾಗದಿಂದಲೂ ತುಣುಕು ಬೇಕು. ರೋಗ ಸತತವಾಗಿ ಹಬ್ಬಿದೆಯೋ, ನಡುನಡುವೆ ಬಿಟ್ಟುಬಿಟ್ಟು ಬಂದಿದೆಯೋ ಎಂಬುದು ಅದರಿಂದಲೇ ತಿಳಿಯುವುದು. ಪ್ರತಿ ಜಾಗದ ತುಣುಕೂ ಪ್ರತ್ಯೇಕ ಬಾಟಲಿಯಲ್ಲಿ, ಜಾಗದ ಹೆಸರು ಬರೆದ ಚೀಟಿಯೊಂದಿಗೆ ಬರಬೇಕು. ಹತ್ತು ತುಣುಕುಗಳನ್ನು ಒಂದೇ ಬಾಟಲಿಗೆ ಹಾಕಿದ ಮೇಲೆ ಅವು ಎಲ್ಲಿಯವೆಂದು ಯಾವ ಬಣ್ಣ ಹಾಕಿದರೂ ತಿಳಿಯದು. ಬಾಟಲಿಯ ಖರ್ಚು ಉಳಿಸಲೆಂದು ಹೀಗೆ ಮಾಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಅದರಿಂದ ರೋಗಿಗೆ ಎರಡನೇ ಕೊಲೊನೋಸ್ಕೋಪಿಯ ಖರ್ಚು ಬೀಳುತ್ತದೆ.

ಮೂರನೆಯದು ಫಾರ್ಮಲಿನ್. ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ಅಂಗಾಂಶದ ಗಾತ್ರಕ್ಕಿಂತ ಕನಿಷ್ಠ 10 ಪಟ್ಟು ಇರಬೇಕು. ತುಣುಕನ್ನು ಸಲೈನ್‌ನಲ್ಲಿ ಗಂಟೆಗಟ್ಟಲೆ ಬಿಟ್ಟು ಆಮೇಲೆ ಫಾರ್ಮಲಿನ್‌ಗೆ ಹಾಕಿದರೆ ಮೇಲ್ಮೈ ಕೋಶಗಳು ಕಳಚಿ ಹುಣ್ಣಿನಂತೆ ಕಾಣುತ್ತವೆ. ಆದರೆ ಕ್ಷಯದ ಸಂಶಯವಿದ್ದರೆ ಇದೇ ನಿಯಮಕ್ಕೆ ಇನ್ನೊಂದು ಮುಖವಿದೆ: ಫಾರ್ಮಲಿನ್‌ಗೆ ಬಿದ್ದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಸತ್ತುಹೋಗುವುದರಿಂದ ಕಲ್ಚರ್ ಸಾಧ್ಯವಿಲ್ಲ. ಆದ್ದರಿಂದ ಕೆಲವು ತುಣುಕುಗಳನ್ನು ಸ್ಟೆರೈಲ್ ಸಲೈನ್‌ನಲ್ಲಿ ಬೇರೆಯಾಗಿ, ಅಂದೇ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ನಿರ್ಧಾರವನ್ನು ಎಂಡೋಸ್ಕೋಪಿ ಕೊಠಡಿಯಲ್ಲಿಯೇ ತೆಗೆದುಕೊಳ್ಳಬೇಕು, ಮರುದಿನ ನೆನಪಾದರೆ ಪ್ರಯೋಜನವಿಲ್ಲ.

ನಾಲ್ಕನೆಯದು ಬ್ಲಾಕ್ ಮತ್ತು ಕತ್ತರಿಕೆ. ತುಣುಕು ಮೇಣದಲ್ಲಿ ಮಲಗಿಬಿಟ್ಟರೆ ಒಳಪದರದ ಗ್ರಂಥಿಗಳು, ಅಂದರೆ ಕ್ರಿಪ್ಟ್‌ಗಳು, ಅಡ್ಡ ಕತ್ತರಿಸಿ ಬರೀ ಉಂಗುರಗಳಾಗಿ ಕಾಣುತ್ತವೆ. ಉಂಗುರಗಳನ್ನು ನೋಡಿ ಗ್ರಂಥಿ ಕವಲೊಡೆದಿದೆಯೋ ಗಿಡ್ಡವಾಗಿದೆಯೋ ಹೇಳುವುದು ಕಷ್ಟ. ತುಣುಕನ್ನು ಅಂಚಿನ ಮೇಲೆ ನಿಲ್ಲಿಸಿ ಬ್ಲಾಕ್ ಮಾಡುವ ಕೈಚಳಕವನ್ನು ತಂತ್ರಜ್ಞರಿಗೆ ಕೂರಿಸಿಕೊಂಡು ಕಲಿಸಬೇಕು. 3–4 ಮೈಕ್ರಾನ್ ದಪ್ಪದ ಛೇದಗಳು ಹಲವು ಮಟ್ಟಗಳಿಂದ ಬೇಕು. ಗ್ರ್ಯಾನ್ಯುಲೋಮಾ, ಅಂದರೆ ರಕ್ಷಣಾ ಕೋಶಗಳು ಒತ್ತಾಗಿ ಕೂಡಿದ ಪುಟ್ಟ ಗಂಟು, ಒಂದು ಮಟ್ಟದಲ್ಲಿ ಇಲ್ಲದೆ ಮುಂದಿನದರಲ್ಲಿ ಸಿಗುವುದು ಸಾಮಾನ್ಯ. ‘ನಾನ್‌ಸ್ಪೆಸಿಫಿಕ್’ ಎಂದು ಬರೆಯುವ ಮುನ್ನ ಇನ್ನಷ್ಟು ಆಳದ ಛೇದಗಳನ್ನು ಕೇಳುವುದು ಅತ್ಯಂತ ಅಗ್ಗದ ಪರಿಹಾರ.

ಸಹಜವಾದದ್ದನ್ನು ರೋಗವೆಂದು ಓದುವ ತಪ್ಪು

ಸಹಜ ದೊಡ್ಡ ಕರುಳಿನಲ್ಲಿ ಕ್ರಿಪ್ಟ್‌ಗಳು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಟೆಸ್ಟ್ ಟ್ಯೂಬ್‌ಗಳಂತೆ ನೇರವಾಗಿ ನಿಂತು, ಕೆಳಗಿನ ತೆಳು ಸ್ನಾಯು ಪಟ್ಟಿಯಾದ ಮಸ್ಕ್ಯುಲಾರಿಸ್ ಮ್ಯೂಕೋಸೆಯನ್ನು ಮುಟ್ಟುತ್ತವೆ. ಆದರೆ ಕರುಳು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ ಎಂಬುದನ್ನು ಮರೆತಾಗ ತಪ್ಪಾಗುತ್ತದೆ. ಬಲಗಡೆಯ ಕರುಳಿನಲ್ಲಿ, ಅದರಲ್ಲೂ ಕುರುಡುಗರುಳಿನಲ್ಲಿ, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಸಹಜವಾಗಿಯೇ ಹೆಚ್ಚು. ಅದನ್ನು ಕೊಲೈಟಿಸ್ ಎನ್ನಬಾರದು. ಅಲ್ಲಿ ಕ್ರಿಪ್ಟ್‌ನ ತಳದಲ್ಲಿದ್ದು ಸೂಕ್ಷ್ಮಜೀವಿನಾಶಕಗಳನ್ನು ಸ್ರವಿಸುವ ಪ್ಯಾನೆತ್ ಕೋಶಗಳೂ ಸಹಜ. ಅದೇ ಪ್ಯಾನೆತ್ ಕೋಶ ಎಡಗಡೆಯ ಕರುಳಿನಲ್ಲಿ ಕಂಡರೆ ದೀರ್ಘಕಾಲದ ಗಾಯದ ಗುರುತು. ಚೀಟಿಯಲ್ಲಿ ಜಾಗದ ಹೆಸರಿಲ್ಲದಿದ್ದರೆ ಈ ಒಂದು ಕೋಶಕ್ಕೆ ಎರಡು ವಿರುದ್ಧ ಅರ್ಥಗಳಿರುತ್ತವೆ.

ಲಿಂಫಾಯ್ಡ್ ಗಂಟಿನ ಪಕ್ಕದ ಕ್ರಿಪ್ಟ್‌ಗಳು ಸಹಜವಾಗಿಯೇ ಸೊಟ್ಟಗಿರುತ್ತವೆ, ಆದ್ದರಿಂದ ಗ್ರಂಥಿಗಳ ವಿನ್ಯಾಸವನ್ನು ಆ ಜಾಗ ಬಿಟ್ಟು ಅಳೆಯಬೇಕು. ಗುದನಾಳದಲ್ಲಿ ಸ್ವಲ್ಪ ಅಂಕುಡೊಂಕು ಇದ್ದೇ ಇರುತ್ತದೆ, ಒಂದೆರಡು ಕವಲೊಡೆದ ಗ್ರಂಥಿಗಳಿಂದ ಗಾಬರಿಯಾಗಬೇಕಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಪೇಯರ್ಸ್ ಪ್ಯಾಚ್ ಎಂಬ ಲಿಂಫಾಯ್ಡ್ ತೇಪೆಯ ಮೇಲಿನ ವಿಲ್ಲೈಗಳು, ಅಂದರೆ ಒಳಪದರದ ಬೆರಳಿನಂತಹ ಚಾಚುಗಳು, ಮೋಟಾಗಿರುವುದು ಸಹಜ. ಇನ್ನು ಕರುಳು ಶುದ್ಧಿಗೆ ಕೊಡುವ ಸೋಡಿಯಂ ಫಾಸ್ಫೇಟ್ ದ್ರಾವಣವೇ ಸಣ್ಣ ಹುಣ್ಣುಗಳನ್ನೂ ಒಂದಿಷ್ಟು ನ್ಯೂಟ್ರೋಫಿಲ್‌ಗಳನ್ನೂ, ಅಂದರೆ ಉರಿಯೂತಕ್ಕೆ ಮೊದಲು ಧಾವಿಸುವ ಬಿಳಿ ರಕ್ತಕಣಗಳನ್ನೂ, ತರಬಲ್ಲದು. ಫೋರ್ಸೆಪ್ಸ್ ಹಿಡಿತದಿಂದ ಒಸರಿದ ರಕ್ತ ಮತ್ತು ಜಜ್ಜಿದ ಅಂಚುಗಳು ರೋಗವಲ್ಲ. ಅವುಗಳನ್ನು ಎಣಿಕೆಗೆ ಸೇರಿಸಬಾರದು.

ಹೊಸ ಉರಿಯೂತವೋ, ಹಳೆಯದೋ

ಉರಿಯೂತ ನಿಜಕ್ಕೂ ಇದೆ ಎಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ ಇದು, ಮತ್ತು ‘ನಾನ್‌ಸ್ಪೆಸಿಫಿಕ್’ ಎಂಬ ಸಾಲು ಹುಟ್ಟುವುದು ಬಹುಮಟ್ಟಿಗೆ ಈ ಪ್ರಶ್ನೆಯನ್ನು ಕೇಳದೆ ಬಿಟ್ಟಾಗ. ಕ್ರಿಪ್ಟ್‌ನ ಗೋಡೆಯೊಳಗೆ ನುಗ್ಗಿದ ನ್ಯೂಟ್ರೋಫಿಲ್‌ಗಳು ಮತ್ತು ಕ್ರಿಪ್ಟ್‌ನೊಳಗೆ ಕಟ್ಟಿಕೊಂಡ ಕೀವು ರೋಗ ಈಗ ಸಕ್ರಿಯವಾಗಿದೆ ಎಂದಷ್ಟೇ ಹೇಳುತ್ತವೆ. ಬಹಳ ಜನ ಈ ಕೀವನ್ನು, ಅಂದರೆ ಕ್ರಿಪ್ಟ್ ಆ್ಯಬ್ಸೆಸ್ಸನ್ನು, ಕಂಡಕೂಡಲೇ ಅಲ್ಸರೇಟಿವ್ ಕೊಲೈಟಿಸ್ ಎಂದು ಬರೆಯುತ್ತಾರೆ. ಬೇಧಿ ತರುವ ಬ್ಯಾಕ್ಟೀರಿಯಾಗಳಾದ ಶಿಗೆಲ್ಲಾದಿಂದಲೂ ಕ್ಯಾಂಪಿಲೋಬ್ಯಾಕ್ಟರ್‌ನಿಂದಲೂ ಅದೇ ಚಿತ್ರ ಬರುತ್ತದೆ, ಆದ್ದರಿಂದ ಅದೊಂದನ್ನೇ ನೆಚ್ಚಲಾಗದು.

ಹಳೆಯ ರೋಗದ ಗುರುತುಗಳು ಬೇರೆ: ಕ್ರಿಪ್ಟ್‌ಗಳು ಕವಲೊಡೆದು, ಗಿಡ್ಡವಾಗಿ, ಒಂದರಿಂದೊಂದು ದೂರವಾಗಿ, ತಳದ ಸ್ನಾಯು ಪಟ್ಟಿಯನ್ನು ಮುಟ್ಟದೆ ಮೇಲೆಯೇ ನಿಂತಿರುತ್ತವೆ, ಎಡಗಡೆಯಲ್ಲಿ ಪ್ಯಾನೆತ್ ಕೋಶಗಳು, ಸಣ್ಣ ಕರುಳಿನ ಕೊನೆಯಲ್ಲಿ ಜಠರದ ಪೈಲೋರಿಕ್ ಮಾದರಿಯ ಗ್ರಂಥಿಗಳು ಬಂದಿರುತ್ತವೆ, ಎಲ್ಲಕ್ಕಿಂತ ಮಿಗಿಲಾಗಿ, ಸಹಜವಾಗಿ ಮೇಲುಭಾಗದಲ್ಲಿ ಹೆಚ್ಚಿದ್ದು ಕೆಳಕ್ಕೆ ಹೋದಂತೆ ವಿರಳವಾಗಬೇಕಾದ ಪ್ಲಾಸ್ಮಾ ಕೋಶಗಳು ಕ್ರಿಪ್ಟ್‌ನ ತಳಕ್ಕೂ ಸ್ನಾಯು ಪಟ್ಟಿಗೂ ನಡುವೆ ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಬೇಸಲ್ ಪ್ಲಾಸ್ಮಾಸೈಟೋಸಿಸ್ ಎಂಬ ಈ ಚಿಹ್ನೆ ಐಬಿಡಿಯಲ್ಲಿ ಮೊದಲು ಕಾಣಿಸಿಕೊಳ್ಳುವ, ಸೋಂಕಿನಿಂದ ಅದನ್ನು ಬೇರ್ಪಡಿಸುವ ಒಳ್ಳೆಯ ಸುಳಿವು. ಚಿಕ್ಕ ವರ್ಧನೆಯಲ್ಲಿಯೇ ಇದು ಕಾಣುತ್ತದೆ. ಹೊಸಬರು ನೇರವಾಗಿ 40ರ ಆಬ್ಜೆಕ್ಟಿವ್‌ಗೆ, ಅಂದರೆ 40 ಪಟ್ಟು ಹಿಗ್ಗಿಸುವ ಮಸೂರಕ್ಕೆ, ಹೋಗುವುದರಿಂದ ಇದನ್ನು ಕಳೆದುಕೊಳ್ಳುತ್ತಾರೆ. 4ರ ಆಬ್ಜೆಕ್ಟಿವ್‌ನಲ್ಲಿ ಪ್ರತಿ ತುಣುಕಿನ ತಳವನ್ನೂ ನೋಡಿ ಆಮೇಲೆ ಮುಂದುವರಿಯುವ ಅಭ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ.

ಬೇಧಿಯ ಅವಧಿ ಮುಖ್ಯವೆಂದು ಮೊದಲೇ ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಕ್ರಿಪ್ಟ್‌ಗಳ ವಿನ್ಯಾಸ ಕೆಡಲು ವಾರಗಳೇ ಬೇಕು. ರೋಗ ಶುರುವಾಗಿ ಹತ್ತು ದಿನಕ್ಕೆ ತೆಗೆದ ತುಣುಕಿನಲ್ಲಿ ಗ್ರಂಥಿಗಳು ನೆಟ್ಟಗಿದ್ದರೆ ಅದರಿಂದ ಐಬಿಡಿ ಇಲ್ಲವೆಂದು ಸಾಬೀತಾಗುವುದಿಲ್ಲ. ಅಂಥಲ್ಲಿ ‘ಸಕ್ರಿಯ ಕೊಲೈಟಿಸ್, ದೀರ್ಘಕಾಲೀನ ಬದಲಾವಣೆಗಳಿಲ್ಲ, ಸೋಂಕು ಮೊದಲ ಸಂಭವ, ಬೇಧಿ ನಿಲ್ಲದಿದ್ದರೆ ಕನಿಷ್ಠ 6 ವಾರಗಳ ನಂತರ ಮರುಬಯಾಪ್ಸಿ ಮಾಡುವುದು’ ಎಂದು ಬರೆಯಬೇಕು. ನಾಲ್ಕೇ ತುಂಡು ಮಾತುಗಳಾದರೂ ಇದರಿಂದ ವೈದ್ಯರಿಗೆ ಇಂದು ಏನು ಮಾಡಬೇಕು, ಮುಂದೆ ಯಾವಾಗ ನೋಡಬೇಕು ಎಂಬುದು ಸ್ಪಷ್ಟವಾಗುತ್ತದೆ. ಮಲಪರೀಕ್ಷೆ ಮತ್ತು ಮಲದ ಕಲ್ಚರ್ ಆಗಿವೆಯೇ ಎಂದು ವರದಿಯಲ್ಲೇ ಕೇಳುವುದೂ ತಪ್ಪಲ್ಲ.

ಬಿಟ್ಟುಹೋದ ಅಮೀಬಾ

ಈ ವಿಷಯಕ್ಕೆ ಬಂದಾಗಲೆಲ್ಲ ನನಗೆ ಒಬ್ಬ ತಾಯಿಯ ಸ್ಲೈಡು ನೆನಪಾಗುತ್ತದೆ. ನಾನು ವೃತ್ತಿಗೆ ಹೊಸಬನಾಗಿದ್ದ ಕಾಲ. ಐವತ್ತರ ಆಸುಪಾಸಿನ ಆಕೆಗೆ ರಕ್ತಭೇದಿ ಇತ್ತು. ಗುದನಾಳದಿಂದ ಬಂದ ಎರಡು ತುಣುಕುಗಳಲ್ಲಿ ಹುಣ್ಣು, ಕ್ರಿಪ್ಟ್ ಆ್ಯಬ್ಸೆಸ್, ತುಂಬ ನ್ಯೂಟ್ರೋಫಿಲ್‌ಗಳು. ನಾನು ‘ಅಲ್ಸರೇಟಿವ್ ಕೊಲೈಟಿಸ್‌ಗೆ ಹೊಂದುತ್ತದೆ’ ಎಂದು ಬರೆದೆ, ಸ್ಟೀರಾಯ್ಡ್ ಶುರುವಾಯಿತು, ನಾಲ್ಕನೇ ದಿನ ಹೊಟ್ಟೆ ಉಬ್ಬಿ ಜ್ವರ ಏರಿತು. ಹಿರಿಯರೊಬ್ಬರು ಅದೇ ಸ್ಲೈಡನ್ನು ಕೇಳಿ ತರಿಸಿಕೊಂಡು, ತುಣುಕನ್ನು ಬಿಟ್ಟು ಅದರ ಪಕ್ಕದಲ್ಲಿ ಬೇರೆಯಾಗಿ ತೇಲಿದಂತಿದ್ದ ಕೀವಿನ ಚೂರನ್ನು ತೋರಿಸಿದರು. ನಾನು ಕಸವೆಂದು ಬಿಟ್ಟಿದ್ದ ಆ ಚೂರಿನಲ್ಲಿ ಕೆಂಪು ರಕ್ತಕಣಗಳನ್ನು ನುಂಗಿದ ಅಮೀಬಾಗಳು ಸಾಲಾಗಿದ್ದವು. ಆ ಸಂಜೆಯೇ ಸ್ಟೀರಾಯ್ಡ್ ನಿಂತು ಮೆಟ್ರೊನಿಡಜೋಲ್ ಶುರುವಾಗಿ ಆಕೆ ಉಳಿದರು. ಕರುಳು ತೂತಾಗುವುದಕ್ಕೆ ಇನ್ನೊಂದೆರಡು ದಿನ ಸಾಕಿತ್ತು.

ಅಂದಿನಿಂದ ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಹುಣ್ಣಿರುವ ಪ್ರತಿ ಬಯಾಪ್ಸಿಯಲ್ಲಿಯೂ ಅಂಗಾಂಶಕ್ಕೆ ಅಂಟಿದ ಮತ್ತು ಅದರಿಂದ ಬಿಡಿಬಿಡಿಯಾದ ಕೀವು, ಲೋಳೆ, ಫೈಬ್ರಿನ್ ಎಲ್ಲವನ್ನೂ ದೊಡ್ಡ ವರ್ಧನೆಯಲ್ಲಿ ನೋಡಬೇಕು, ಏಕೆಂದರೆ ಎಂಟಮೀಬಾ ಹಿಸ್ಟೊಲಿಟಿಕಾ ಹೆಚ್ಚಾಗಿ ಇರುವುದು ಅಲ್ಲೇ. ಅದು ನೊರೆಯಂತಹ ಮೈಯುಳ್ಳ ಮ್ಯಾಕ್ರೋಫೇಜ್‌ನಂತೆ, ಅಂದರೆ ಕಸ ನುಂಗುವ ರಕ್ಷಣಾ ಕೋಶದಂತೆ, ಕಾಣುತ್ತದೆ; ಆದರೆ ಅದರ ನ್ಯೂಕ್ಲಿಯಸ್ ಚಿಕ್ಕದು, ದುಂಡಗಿನದು, ನಡುವೆ ಒಂದು ಚುಕ್ಕಿಯುಳ್ಳದ್ದು. ಅನುಮಾನವಾದರೆ ಪಿಎಎಸ್ ಬಣ್ಣ ಹಾಕಿಸಬೇಕು, ಅಮೀಬಾ ಗಾಢ ಕೆನ್ನೇರಳೆ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ಉರಿಯೂತದ ಕೋಶಗಳು ಕಡಿಮೆಯಿದ್ದು ಕೊಳೆತ ಅಂಗಾಂಶ ಮಾತ್ರ ವಿಪರೀತವಾಗಿದ್ದರೆ ಸಂಶಯ ಇನ್ನೂ ಹೆಚ್ಚಬೇಕು. ಕುರುಡುಗರುಳಿನಲ್ಲಿ ಹುಣ್ಣುಗಳಿದ್ದು ನಡುವಿನ ಒಳಪದರ ಸಹಜವಾಗಿದ್ದರೂ ಅಷ್ಟೇ. ನಮ್ಮ ನಾಡಿನಲ್ಲಿ ‘ಅಮೀಬಾ ಕಾಣಲಿಲ್ಲ’ ಎಂಬ ಮಾತು ವರದಿಯಲ್ಲಿ ಬರೆದಿರಲೇಬೇಕೆಂದು ನನ್ನ ಅಭಿಪ್ರಾಯ. ಆ ಸಾಲು ಬರೆಯಬೇಕಾದವರು ಹುಡುಕಿಯೇ ಬರೆಯುತ್ತಾರೆ.

ನಿಯಮ ಮುರಿದಂತೆ ಕಂಡಾಗ

ಪಠ್ಯಪುಸ್ತಕದ ನಿಯಮ ಸರಳ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಮೇಲಕ್ಕೆ ಬಿಡುವಿಲ್ಲದೆ ಹಬ್ಬುತ್ತದೆ, ಲೋಳೆಪದರದಲ್ಲಿಯೇ ಉಳಿಯುತ್ತದೆ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ನಡುನಡುವೆ ಜಾಗ ಬಿಟ್ಟು ಬರುತ್ತದೆ, ಕರುಳಿನ ಗೋಡೆಯ ಪೂರ್ತಿ ದಪ್ಪವನ್ನು ಹಿಡಿಯುತ್ತದೆ, ಕೆಲವೊಮ್ಮೆ ಗ್ರ್ಯಾನ್ಯುಲೋಮಾ ಇರುತ್ತದೆ. ಬಯಾಪ್ಸಿಯಲ್ಲಿ ಲೋಳೆಪದರ ಮತ್ತು ಅದರ ಕೆಳಗಿನ ಒಂದು ಎಳೆಯಷ್ಟೇ ಸಿಗುವುದರಿಂದ ಗೋಡೆಯ ಪೂರ್ತಿ ದಪ್ಪದ ಮಾತನ್ನು ಬಯಾಪ್ಸಿ ವರದಿಯಲ್ಲಿ ಎತ್ತಲು ಬರುವುದಿಲ್ಲ.

ಈ ನಿಯಮಕ್ಕೆ ಅಪವಾದಗಳು ಗೊತ್ತಿಲ್ಲದಿದ್ದರೆ ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಕ್ರೋನ್ಸ್ ಎಂಬ ಹಣೆಪಟ್ಟಿ ಬೀಳುತ್ತದೆ, ಮುಂದೆ ಶಸ್ತ್ರಚಿಕಿತ್ಸೆಯ ಆಯ್ಕೆಗಳೇ ಬದಲಾಗಿಬಿಡುತ್ತವೆ. ಔಷಧದ ಎನಿಮಾ ಅಥವಾ ಉರಿಯೂತ ತಗ್ಗಿಸುವ ಮೆಸಾಲಮೀನ್ ಬಳಸಿದ ರೋಗಿಯ ಗುದನಾಳ ವಾಸಿಯಾಗಿ ಸಹಜವೆಂಬಂತೆ ಕಾಣಬಹುದು, ಉಳಿದೆಡೆ ರೋಗ ತೇಪೆತೇಪೆಯಾಗಿ ಕಾಣಬಹುದು. ಮಕ್ಕಳಲ್ಲಿ ಚಿಕಿತ್ಸೆಗೆ ಮೊದಲೇ ಗುದನಾಳ ರೋಗ ತಗುಲದೆ ಉಳಿದುಕೊಂಡಿರುವುದುಂಟು. ರೋಗ ಎಡಗಡೆಯಷ್ಟೇ ಇದ್ದಾಗಲೂ ಅಪೆಂಡಿಕ್ಸ್‌ನ ಬಾಯಿಯ ಸುತ್ತ ಒಂದು ತೇಪೆ ಉರಿಯೂತ ಇರಬಹುದು. ಇಡೀ ಕರುಳು ಹಿಡಿದಾಗ ಸಣ್ಣ ಕರುಳಿನ ಕೊನೆಯಲ್ಲೂ ಸೌಮ್ಯವಾದ ಉರಿಯೂತ ಹರಡಿರಬಹುದು. ಪರಿಹಾರ ಒಂದೇ: ಚಿಕಿತ್ಸೆಗೆ ಮೊದಲು ತೆಗೆದ ಬಯಾಪ್ಸಿಯನ್ನು ತರಿಸಿ ನೋಡುವುದು. ಅದು ಸಿಗದಿದ್ದರೆ ಹಂಚಿಕೆಯ ಮೇಲೆ ಮಾತ್ರ ಆಧರಿಸಿ ಕ್ರೋನ್ಸ್ ಎನ್ನಬಾರದು.

ಇನ್ನೊಂದು ಬಲೆ ಒಡೆದ ಕ್ರಿಪ್ಟ್‌ನ ಪಕ್ಕದ ಗ್ರ್ಯಾನ್ಯುಲೋಮಾ. ಕ್ರಿಪ್ಟ್ ಒಡೆದು ಅದರ ಲೋಳೆ ಹೊರಗೆ ಚೆಲ್ಲಿದಾಗ ಮ್ಯಾಕ್ರೋಫೇಜ್‌ಗಳು ಅದನ್ನು ಸುತ್ತುವರಿಯುತ್ತವೆ. ಇದು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿಯೂ ಸೋಂಕಿನಲ್ಲಿಯೂ ಕಾಣುತ್ತದೆ, ಕ್ರೋನ್ಸ್‌ಗೆ ಸಾಕ್ಷಿಯಾಗುವುದಿಲ್ಲ. ಆಳದ ಛೇದಗಳಲ್ಲಿ ಆ ಗುಂಪಿಗೂ ಒಡೆದ ಕ್ರಿಪ್ಟ್‌ಗೂ ಸಂಬಂಧವಿದೆಯೇ ಎಂದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಗ್ರ್ಯಾನ್ಯುಲೋಮಾ ಕಂಡಿದೆ: ಕ್ಷಯವೋ, ಕ್ರೋನ್ಸೋ?

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಸಣ್ಣ ಕರುಳಿನ ಕೊನೆಯ ಭಾಗದ ಒಂದು ಕಾಯಿಲೆಯನ್ನು ಪ್ರತ್ಯೇಕವೆಂದು ವಿವರಿಸಿದರು. ಅದಕ್ಕೂ ಮೊದಲು, 1913ರಲ್ಲಿ, ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್‌ಜೀಲ್ ಕರುಳಿನ ಕ್ಷಯವನ್ನು ಹೋಲುವ, ಆದರೆ ಕ್ಷಯವಲ್ಲದ ರೋಗಿಗಳ ಬಗ್ಗೆ ಬರೆದಿದ್ದರು. ಕ್ರೋನ್ಸ್ ಕಾಯಿಲೆಯ ಚರಿತ್ರೆ ಶುರುವಾದದ್ದೇ ಕ್ಷಯದಿಂದ ಬೇರ್ಪಡಿಸುವ ಪ್ರಯತ್ನದಿಂದ. ನೂರು ವರ್ಷ ದಾಟಿದರೂ ಭಾರತದ ರೋಗಶಾಸ್ತ್ರಜ್ಞರ ಮುಂದೆ ಅದೇ ಪ್ರಶ್ನೆ ನಿಂತಿದೆ: ಎರಡೂ ಕಾಯಿಲೆಗಳಿಗೆ ಮೆಚ್ಚಿನ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ತಾಣ, ಎರಡರಲ್ಲಿಯೂ ಹೊಟ್ಟೆನೋವು, ಜ್ವರ, ತೂಕ ಇಳಿಕೆ, ಎರಡರಲ್ಲಿಯೂ ಗ್ರ್ಯಾನ್ಯುಲೋಮಾ. ಕ್ರೋನ್ಸ್‌ಗೆ ಕೊಡುವ ಔಷಧ ಕ್ಷಯಕ್ಕೆ ಅಪಾಯಕಾರಿ.

ಇಲ್ಲಿ ನಮಗೆ ದಾರಿ ತೋರಿಸಿದ ಕೆಲಸ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೇ ನಡೆದದ್ದು. ಅಲ್ಲಿನ ಅನ್ನಾ ಪುಲಿಮೂಡ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕ್ಷಯದ ಗ್ರ್ಯಾನ್ಯುಲೋಮಾಗಳು ಹಲವಾರು, ದೊಡ್ಡವು, ಒಂದರೊಳಗೊಂದು ಕೂಡಿಕೊಂಡವು, ನಡುವೆ ಕೇಸಿಯೇಶನ್, ಅಂದರೆ ಗಿಣ್ಣಿನಂತಹ ಕೊಳೆತ, ಇರುವಂಥವು. ಹುಣ್ಣಿನ ಅಂಚಿಗೆ ಗ್ರ್ಯಾನ್ಯುಲೋಮಾ ಕಟ್ಟುವ ಎಪಿಥೀಲಿಯಾಯ್ಡ್ ಕೋಶಗಳು ಪಟ್ಟಿಯಂತೆ ಹಾಸಿರುತ್ತವೆ. ಲೋಳೆಪದರಕ್ಕಿಂತ ಅದರ ಕೆಳಪದರದಲ್ಲಿ ಉರಿಯೂತ ಮಿತಿಮೀರಿರುತ್ತದೆ. ಕ್ರೋನ್ಸ್‌ನ ಗ್ರ್ಯಾನ್ಯುಲೋಮಾಗಳು ವಿರಳ, ಚಿಕ್ಕವು, ಬಹಳ ಸಲ ಸಡಿಲವಾದ ಪುಟ್ಟ ಗುಂಪುಗಳು. ಜೊತೆಗೆ ಎಂಡೋಸ್ಕೋಪಿಯಲ್ಲಿ ಸಹಜವೆನಿಸಿದ ಜಾಗಗಳಲ್ಲಿಯೂ ದೀರ್ಘಕಾಲೀನ ಉರಿಯೂತ ಸಿಗುತ್ತದೆ. ಸಹಜ ಜಾಗದಿಂದಲೂ ತುಣುಕು ಬೇಕೆಂದು ಆರಂಭದಲ್ಲಿ ಒತ್ತಾಯಿಸಿದ್ದಕ್ಕೆ ಇದೂ ಒಂದು ಕಾರಣ.

‘ದೊಡ್ಡದು’ ಎಂಬುದನ್ನು ಅಂದಾಜಿನಲ್ಲಿ ಬಿಡಬಾರದು. ಐಪೀಸ್‌ನ ಮೇಲೆ ಬರೆದಿರುವ ಫೀಲ್ಡ್ ನಂಬರನ್ನು ಆಬ್ಜೆಕ್ಟಿವ್‌ನ ವರ್ಧನೆಯಿಂದ ಭಾಗಿಸಿದರೆ ಕಾಣುವ ವೃತ್ತದ ವ್ಯಾಸ ಮಿಲಿಮೀಟರ್‌ಗಳಲ್ಲಿ ದೊರೆಯುತ್ತದೆ. ಫೀಲ್ಡ್ ನಂಬರ್ 20 ಆಗಿದ್ದರೆ 40ರ ಆಬ್ಜೆಕ್ಟಿವ್‌ನಲ್ಲಿ ಅದು 0.5 ಮಿ.ಮೀ. ಆದ್ದರಿಂದ ಆ ವೃತ್ತದ ಅಗಲದಲ್ಲಿ ಐದರಲ್ಲಿ ಎರಡು ಭಾಗ ತುಂಬಿದ ಗ್ರ್ಯಾನ್ಯುಲೋಮಾ 200 ಮೈಕ್ರಾನ್‌ನದು. ಆ ಗಾತ್ರ ದಾಟಿದವು ಒಂದು ಜಾಗದಲ್ಲಿ ಹಲವಾರಿದ್ದರೆ ನನ್ನ ಒಲವು ಕ್ಷಯದ ಕಡೆಗೆ. ಆದರೂ ಇವೆಲ್ಲ ಒಲವುಗಳೇ. ಕೇಸಿಯೇಶನ್ ಖಚಿತವಾಗಿ ಕಂಡಾಗ ಮಾತ್ರ ಸ್ಲೈಡಿನ ಮಾತಿಗೆ ಬಹಳ ತೂಕ ಬರುತ್ತದೆ, ಮತ್ತು ಸಣ್ಣ ಎಂಡೋಸ್ಕೋಪಿ ತುಣುಕುಗಳಲ್ಲಿ ಅದು ಕಾಣದಿರುವುದೇ ಹೆಚ್ಚು.

ಬಣ್ಣ ಮತ್ತು ಪರೀಕ್ಷೆಗಳ ವಿಷಯದಲ್ಲಿ ಆಗುವ ದೊಡ್ಡ ತಪ್ಪೆಂದರೆ ನೆಗೆಟಿವ್ ಫಲಿತಾಂಶವನ್ನು ಕ್ಷಯ ಇಲ್ಲವೆಂಬ ಪ್ರಮಾಣಪತ್ರದಂತೆ ಓದುವುದು. ಕರುಳಿನ ಕ್ಷಯದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆ. ಕ್ಷಯದ ಬ್ಯಾಕ್ಟೀರಿಯಾಗಳನ್ನು ಹುಡುಕಲು ಹಾಕುವ ಜೀಲ್-ನೀಲ್ಸನ್ ಬಣ್ಣದಲ್ಲಿ ಅವು ಸಿಗದೇ ಹೋಗುವುದೇ ಸಾಮಾನ್ಯ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್ ಬಂದರೆ ನೆಚ್ಚಬಹುದು, ನೆಗೆಟಿವ್ ಬಂದರೆ ನೆಚ್ಚಲಾಗದು. ದ್ರವ ಮಾಧ್ಯಮದ ಕಲ್ಚರ್‌ಗೆ 42 ದಿನಗಳವರೆಗೆ ಕಾಯಬೇಕು. ಎರಡು ವಾರಕ್ಕೆ ‘ಬೆಳವಣಿಗೆ ಇಲ್ಲ’ ಎಂಬ ಮಧ್ಯಂತರ ವರದಿಯ ಮೇಲೆ ಇನ್‌ಫ್ಲಿಕ್ಸಿಮ್ಯಾಬ್‌ನಂತಹ ರೋಗನಿರೋಧ ಶಕ್ತಿ ತಗ್ಗಿಸುವ ಔಷಧ ಶುರುಮಾಡುವುದು ಅಪಾಯ, ಏಕೆಂದರೆ ಆ ಔಷಧ ಅಡಗಿರುವ ಕ್ಷಯವನ್ನು ಎಬ್ಬಿಸಿ ದೇಹವಿಡೀ ಹರಡಬಲ್ಲದು. ಎದೆಯ ಎಕ್ಸ್‌ರೇ, ಹೊಟ್ಟೆಯ ಸಿ.ಟಿ.ಯಲ್ಲಿ ನಡುವೆ ಕೊಳೆತ ದುಗ್ಧಗ್ರಂಥಿಗಳು, ಹೊಟ್ಟೆಯಲ್ಲಿ ನೀರು ಇವೆಯೇ ಎಂಬುದನ್ನೂ ಸ್ಲೈಡಿನ ಜೊತೆಗಿಟ್ಟು ಓದಬೇಕು.

ಎಲ್ಲ ನೋಡಿದ ಮೇಲೂ ತೀರ್ಮಾನ ಬಾರದಿದ್ದರೆ ನಮ್ಮ ದೇಶದಲ್ಲಿ ಅನುಸರಿಸುವ ದಾರಿ ಕ್ಷಯದ ಚಿಕಿತ್ಸೆಯನ್ನು ಮೊದಲು ಕೊಟ್ಟು, 2–3 ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡುವುದು. ಕ್ಷಯವಾಗಿದ್ದರೆ ಅಷ್ಟರಲ್ಲಿ ಹುಣ್ಣುಗಳು ಮಾಯುತ್ತವೆ. ಇಲ್ಲಿ ಎರಡು ಬಲೆಗಳಿವೆ. ಕ್ರೋನ್ಸ್ ರೋಗಿಗೂ ಕ್ಷಯದ ಔಷಧದಿಂದ ಮೊದಮೊದಲು ಸ್ವಲ್ಪ ಹಾಯೆನಿಸಬಹುದು, ಆದ್ದರಿಂದ ರೋಗಿ ‘ಪರವಾಗಿಲ್ಲ’ ಎಂದದ್ದನ್ನೇ ಗುಣವೆಂದು ಎಣಿಸದೆ ಹುಣ್ಣು ಮಾಯಿತೇ ಎಂದು ಕಣ್ಣಿನಿಂದ ನೋಡಬೇಕು. ಇನ್ನು ಕ್ಷಯದ ಹಳೆಯ ಗಾಯದಿಂದ ಕರುಳು ಬಿಗಿದುಕೊಂಡಿದ್ದರೆ ರೋಗ ವಾಸಿಯಾದ ಮೇಲೂ ಆ ಬಿಗಿತದಿಂದ ನೋವು ಉಳಿಯಬಹುದು. ಅದನ್ನು ಔಷಧ ಫಲಿಸಲಿಲ್ಲವೆಂದು ಓದಿ ಕ್ರೋನ್ಸ್ ಎನ್ನುವುದು ತಪ್ಪು. ಇಂಥ ರೋಗಿಯ ವಿಷಯದಲ್ಲಿ ರೋಗಶಾಸ್ತ್ರಜ್ಞರ ಕೆಲಸ ಮೊದಲ ವರದಿಗೇ ಮುಗಿಯುವುದಿಲ್ಲ. ಎರಡನೇ ಬಯಾಪ್ಸಿ ಬಂದಾಗ ಮೊದಲನೆಯದನ್ನು ಪಕ್ಕದಲ್ಲಿಟ್ಟು ಹೋಲಿಸಲೇಬೇಕು.

ಚಿಕಿತ್ಸೆ ಫಲಿಸದಿದ್ದಾಗ

ಅಲ್ಸರೇಟಿವ್ ಕೊಲೈಟಿಸ್ ಎಂದು ಖಚಿತವಾದ ರೋಗಿಗೆ ಸ್ಟೀರಾಯ್ಡ್ ಕೊಟ್ಟರೂ ರಕ್ತ ನಿಲ್ಲುತ್ತಿಲ್ಲವೆಂದು ಮರುಬಯಾಪ್ಸಿ ಬಂದರೆ ಹುಡುಕಬೇಕಾದದ್ದು ಸೈಟೊಮೆಗಾಲೊವೈರಸ್. ಹುಣ್ಣಿನ ತಳದ ರಕ್ತನಾಳಗಳ ಒಳಗೋಡೆಯ ಕೋಶಗಳಲ್ಲಿ, ಗೂಬೆಯ ಕಣ್ಣಿನಂತೆ ಸುತ್ತಲೂ ಬಿಳಿ ವಲಯವುಳ್ಳ ದೊಡ್ಡ ನ್ಯೂಕ್ಲಿಯಸ್‌ಗಳು ಕಾಣುತ್ತವೆ. ತುಣುಕು ಹುಣ್ಣಿನ ತಳದಿಂದಲೇ ಬಂದಿರಬೇಕು, ಬರೀ ಅಂಚಿನ ತುಣುಕಿನಿಂದ ವೈರಸ್ ಇಲ್ಲವೆಂದು ಹೇಳಲಾಗದು. ಮಾಮೂಲಿ ಬಣ್ಣದಲ್ಲಿ ಕಾಣದಿದ್ದರೂ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಅಂದರೆ ಪ್ರತಿಕಾಯದಿಂದ ವೈರಸ್ಸನ್ನು ಗುರುತಿಸುವ ಬಣ್ಣ, ಮಾಡಿಸಬೇಕು. ಜೊತೆಗೆ ಮಲದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ವಿಷಕ್ಕಾಗಿ ಪರೀಕ್ಷೆ ಬೇಕು. ಐಬಿಡಿ ಇರುವವರಲ್ಲಿ ಅದರ ವಿಶಿಷ್ಟ ಹುಸಿಪೊರೆ ಬಯಾಪ್ಸಿಯಲ್ಲಿ ಕಾಣದೇ ಇರಬಹುದು.

ಉಳಿದ ಹೋಲಿಕೆಯ ರೋಗಗಳನ್ನು ಬೇಗನೆ ಹೇಳಿಬಿಡುತ್ತೇನೆ. ಕ್ರಿಪ್ಟ್‌ಗಳು ಬಾಡಿ ಸುರುಟಿಕೊಂಡು ಸುತ್ತಲಿನ ಅಂಗಾಂಶ ಗಾಜಿನಂತೆ ಗುಲಾಬಿಯಾಗಿದ್ದರೆ ರಕ್ತಸಂಚಾರದ ಕೊರತೆ. ಗುದನಾಳದ ಒಂದೇ ಹುಣ್ಣಿನಲ್ಲಿ ಸ್ನಾಯು ಎಳೆಗಳು ಕ್ರಿಪ್ಟ್‌ಗಳ ನಡುವೆ ಮೇಲಕ್ಕೆ ಏರಿದ್ದರೆ ಸಾಲಿಟರಿ ರೆಕ್ಟಲ್ ಅಲ್ಸರ್. ಮುಕ್ಕಿ ಮಲವಿಸರ್ಜನೆ ಮಾಡುವ ಅಭ್ಯಾಸವಿದೆಯೇ ಎಂದು ಕೇಳಬೇಕು. ಸಾಯುತ್ತಿರುವ ಕೋಶಗಳು ಕ್ರಿಪ್ಟ್‌ಗಳಲ್ಲಿ ಎದ್ದು ಕಂಡರೆ ಮೈಕೊಫಿನೊಲೇಟ್‌ನಂತಹ ಔಷಧ ಅಥವಾ ಕ್ಯಾನ್ಸರ್‌ನ ಇಮ್ಯುನೊಥೆರಪಿ. ನೀರು ಬೇಧಿ ಇದ್ದು ಕೊಲೊನೋಸ್ಕೋಪಿ ಪೂರ್ತಿ ಸಹಜವಾಗಿದ್ದರೆ ಮೇಲ್ಮೈಯಲ್ಲಿ 100 ಕೋಶಗಳಿಗೆ 20ಕ್ಕಿಂತ ಹೆಚ್ಚು ಲಿಂಫೊಸೈಟ್‌ಗಳಿವೆಯೇ, ಅಥವಾ ಅದರಡಿಯಲ್ಲಿ 10 ಮೈಕ್ರಾನ್ ದಾಟಿದ ಕೊಲಾಜನ್ ಪಟ್ಟಿ ಇದೆಯೇ ಎಂದು ನೋಡಬೇಕು. ಅದು ಮೈಕ್ರೊಸ್ಕೋಪಿಕ್ ಕೊಲೈಟಿಸ್.

ವರದಿ ಬರೆಯುವಾಗ

ಐಬಿಡಿ ಇದೆ ಎಂದು ಖಚಿತವಿದ್ದು ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ ‘ವರ್ಗೀಕರಿಸಲಾಗದ ಐಬಿಡಿ’ ಎಂದು ಬರೆಯಬಹುದು. ‘ಇಂಡಿಟರ್ಮಿನೇಟ್ ಕೊಲೈಟಿಸ್’ ಎಂಬ ಮಾತನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪೂರ್ಣ ಕರುಳಿನ ಪರೀಕ್ಷೆಗೆ ಮೀಸಲಿಡಬೇಕು. ರೋಗದ ಸಕ್ರಿಯತೆಯನ್ನು 0ಯಿಂದ 4ರವರೆಗಿನ ನ್ಯಾನ್ಸಿ ಅಂಕದಲ್ಲಿ ಕೊಟ್ಟರೆ ಮುಂದಿನ ಬಯಾಪ್ಸಿಯೊಂದಿಗೆ ಹೋಲಿಸುವುದು ಸುಲಭ. ಜಾಗವಾರು ಬರೆಯಬೇಕು, ಹತ್ತು ತುಣುಕುಗಳಿಗೆ ಒಂದೇ ತೀರ್ಮಾನ ಕೊಟ್ಟರೆ ಬಾಟಲಿಗಳನ್ನು ಬೇರೆ ಮಾಡಿದ ಶ್ರಮ ವ್ಯರ್ಥ.

ರೋಗ ಶುರುವಾಗಿ 8 ವರ್ಷ ದಾಟಿದವರ ಬಯಾಪ್ಸಿಯಲ್ಲಿ ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ, ಇದೆಯೇ ಎಂಬುದಕ್ಕೆ ಪ್ರತ್ಯೇಕ ಸಾಲು ಬೇಕು. ಪಿತ್ತನಾಳಗಳ ಸ್ಕ್ಲೀರೋಸಿಂಗ್ ಕೋಲಾಂಜೈಟಿಸ್ ಜೊತೆಗಿದ್ದರೆ ಎಂಟು ವರ್ಷ ಕಾಯದೆ ಮೊದಲ ದಿನದಿಂದಲೇ ಬೇಕು. ಸಕ್ರಿಯ ಉರಿಯೂತದ ನಡುವೆ ವಾಸಿಯಾಗುತ್ತಿರುವ ಕೋಶಗಳು ಡಿಸ್‌ಪ್ಲೇಸಿಯಾದಂತೆಯೇ ಕಾಣುವುದರಿಂದ ಇದರಲ್ಲಿ ಒಬ್ಬರ ಕಣ್ಣನ್ನು ನಂಬಬಾರದು. ಕರುಳನ್ನೇ ತೆಗೆಸುವ ನಿರ್ಧಾರ ಇದರ ಮೇಲೆ ನಿಲ್ಲುತ್ತದೆ. ಎರಡನೆಯ ರೋಗಶಾಸ್ತ್ರಜ್ಞರಿಗೆ, ಸಾಧ್ಯವಾದರೆ ಕರುಳಿನ ಪರಿಣತರಿಗೆ, ಸ್ಲೈಡು ತೋರಿಸಿದ ನಂತರವೇ ಸಹಿ ಹಾಕಬೇಕು.

ಅಮೀಬಾ, ಕೇಸಿಯೇಶನ್ ಇರುವ ಗ್ರ್ಯಾನ್ಯುಲೋಮಾ, ಸೈಟೊಮೆಗಾಲೊವೈರಸ್, ಹೆಚ್ಚಿನ ದರ್ಜೆಯ ಡಿಸ್‌ಪ್ಲೇಸಿಯಾ: ಈ ನಾಲ್ಕರಲ್ಲಿ ಯಾವುದು ಕಂಡರೂ ವರದಿ ಟೈಪ್ ಆಗುವವರೆಗೆ ಕಾಯದೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಕೂಡಲೇ ಫೋನ್ ಮಾಡಿ, ಮಾತನಾಡಿದ ಸಮಯವನ್ನು ವರದಿಯಲ್ಲಿ ನಮೂದಿಸಬೇಕು. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೋಗುವ ರೋಗಿ ವರದಿಯ ಹಾಳೆಯನ್ನಷ್ಟೇ ಒಯ್ದು ಅಲ್ಲಿ ಮತ್ತೆ ಬಯಾಪ್ಸಿಗೆ ಒಳಗಾಗುವುದು ನಿತ್ಯದ ಸಂಗತಿ. ಆದ್ದರಿಂದ ಬ್ಲಾಕ್ ನಂಬರ್, ಪ್ರತಿ ಬ್ಲಾಕಿನಲ್ಲಿ ಎಷ್ಟು ತುಣುಕುಗಳಿವೆ, ಅಂಗಾಂಶ ಇನ್ನೂ ಉಳಿದಿದೆಯೇ, ಸ್ಲೈಡು ಮತ್ತು ಬ್ಲಾಕುಗಳನ್ನು ಪಡೆಯಲು ಯಾರನ್ನು ಕೇಳಬೇಕು ಎಂಬ ವಿವರಗಳನ್ನು ವರದಿಯ ಕೊನೆಯಲ್ಲಿ ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಕೊಡಬೇಕು.